ಕಿಟಕಿ, ಪ್ಯಾನೆಲ್, ಬಲ್ಬು: ರಾತ್ರಿ ಪೇಂಟ್ ಮಾಡುವವಳಿಗೆ ಯಾವ ಬೆಳಕು?

ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ಬಲ್ಬು. ಸಾಮಾನ್ಯ ಹೋಲ್ಡರಿಗೆ ಹಾಕುವಂಥ, ನೋಡೋಕೆ ಏನೂ ವಿಶೇಷ ಇಲ್ಲದ ಎರಡು ಎಲ್‌ಇಡಿ ಬಲ್ಬು. ಅದಕ್ಕೂ ಮುಂಚೆ ಒಂದು ವರ್ಷ ಕಿಟಕಿಯನ್ನು ನಂಬಿದ್ದೆ. ಆಮೇಲೆ ಐದು ತಿಂಗಳು ಒಂದು ದೊಡ್ಡ ಎಲ್‌ಇಡಿ ಪ್ಯಾನೆಲ್ಲನ್ನು ನಂಬಿದ್ದೆ. ಮೂರನ್ನೂ ಒಂದೇ ಕೋಣೆಯಲ್ಲಿ, ಕ್ಯಾನ್ವಾಸ್ ನಿಲ್ಲಿಸುವ ಒಂದೇ ಈಸೆಲ್ ಮುಂದೆ ಬಳಸಿದ್ದೇನೆ.

ನಾನು ಹಗಲು ಕೆಲಸಕ್ಕೆ ಹೋಗುವವಳು. ಪೇಂಟಿಂಗ್ ಏನಿದ್ದರೂ ರಾತ್ರಿ ಒಂಬತ್ತರ ಮೇಲೆ. ಅಕ್ರಿಲಿಕ್ ಬಣ್ಣ, ಹೆಚ್ಚಾಗಿ ಮುಖಗಳು. ಸ್ಟುಡಿಯೋ ಅಂತ ಜಂಬದಿಂದ ಕರೆಯೋದು ಮಲಗುವ ಕೋಣೆಯ ಒಂದು ಮೂಲೆಯನ್ನು: ಈಸೆಲ್, ಚಕ್ರ ಇರುವ ಸಣ್ಣ ಟೇಬಲ್, ನೆಲಕ್ಕೆ ಹಾಸಿದ ಹಳೇ ಬೆಡ್‌ಶೀಟು. ಈಸೆಲ್ ಯಾವುದು, ಬ್ರಷ್ ಯಾವುದು ಅಂತ ತಿಂಗಳುಗಟ್ಟಲೆ ಹುಡುಕಿದ್ದೆ. ಬೆಳಕಿನ ಬಗ್ಗೆ ಅರ್ಧ ಗಂಟೆಯೂ ಯೋಚಿಸಿರಲಿಲ್ಲ.

ಕಿಟಕಿಯಿಂದ ಶುರು ಮಾಡೋಣ. ಯುರೋಪಿನ ಹಳೇ ಚಿತ್ರಕಾರರು ಉತ್ತರಕ್ಕೆ ಮುಖ ಮಾಡಿದ ಕಿಟಕಿಯೇ ಬೇಕು ಅಂತಿದ್ದರು. ಭೂಮಿಯ ಉತ್ತರಾರ್ಧದಲ್ಲಿ ಆ ಕಡೆಯಿಂದ ನೇರ ಬಿಸಿಲು ಬರೋದು ಕಡಿಮೆ, ಆಕಾಶದ ಬೆಳಕು ಮಾತ್ರ ಹದವಾಗಿ ಬರುತ್ತೆ. ದಕ್ಷಿಣಾರ್ಧದಲ್ಲಿ ಇರುವವರಿಗೆ ಇದೇ ಮಾತು ತಿರುಗುಮುರುಗು. ನನ್ನ ಕಿಟಕಿ ಇರೋದು ಪಶ್ಚಿಮಕ್ಕೆ. ಮಧ್ಯಾಹ್ನ ಮೂರಾದರೆ ಬಿಸಿಲಿನ ಒಂದು ಪಟ್ಟಿ ಕ್ಯಾನ್ವಾಸ್ ಮೇಲೆ ಹತ್ತಿ, ನಿಧಾನಕ್ಕೆ ತೆವಳುತ್ತಾ ಹೋಗುತ್ತೆ. ತೆಳು ಬಿಳಿ ಪರದೆ ಹಾಕಿದ ಮೇಲೆ ಆ ಕಾಟ ತಪ್ಪಿತು. ಎದುರುಗಡೆಯ ಹಸಿರು ಗೋಡೆಯ ಕಾಟ ಮಾತ್ರ ತಪ್ಪಲಿಲ್ಲ. ಅಲ್ಲಿಂದ ಪುಟಿದು ಬರುವ ಬೆಳಕಿಗೂ ಸ್ವಲ್ಪ ಹಸಿರು ಅಂಟಿಕೊಂಡಿರುತ್ತೆ.

ಆದರೂ ಕಿಟಕಿಯಲ್ಲಿ ಕಾಣುವ ಬಣ್ಣಕ್ಕೆ ಸಾಟಿ ಇಲ್ಲ. ಒಂದೇ ಕಷ್ಟ: ನನಗೆ ಅದು ಸಿಗೋದು ಭಾನುವಾರ ಮಾತ್ರ. ವಾರಕ್ಕೊಮ್ಮೆ ಕೂತರೆ ಕಳೆದ ವಾರ ಏನು ಮಾಡುತ್ತಿದ್ದೆ ಅಂತ ನೆನಪಿಸಿಕೊಳ್ಳೋದರಲ್ಲೇ ಅರ್ಧ ಹೊತ್ತು ಹೋಗುತ್ತೆ. ಆ ವರ್ಷ ಮುಗಿಸಿದ್ದು ಮೂರೇ ಚಿತ್ರ.

ಅದಕ್ಕೇ ಪ್ಯಾನೆಲ್ ತಂದೆ. ವಿಡಿಯೋ ಮಾಡುವವರು ಇಟ್ಟುಕೊಳ್ಳುತ್ತಾರಲ್ಲ, ಸ್ಟ್ಯಾಂಡಿನ ಮೇಲೆ ನಿಲ್ಲುವ ಚೌಕದ ಬೆಳಕು, ಅದು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 'ಡೇಲೈಟ್' ಅಂತ ಬರೆದಿತ್ತು. ಹಗಲಿನ ಬೆಳಕು ರಾತ್ರಿ ಸಿಕ್ಕರೆ ಇನ್ನೇನು ಬೇಕು, ಅಲ್ವಾ?

ಪ್ಯಾನೆಲ್ ಕೆಳಗೆ ಮಾಡಿದ ಮೊದಲ ಮುಖ ಅಕ್ಕನ ಮಗಳದು. ಫೋಟೋವನ್ನು ಟ್ಯಾಬಿನಲ್ಲಿ ಇಟ್ಟುಕೊಂಡು ನಾಲ್ಕು ರಾತ್ರಿ ಕೂತೆ. ಕೆನ್ನೆಯ ಬಣ್ಣ ಎಷ್ಟು ಬೆರೆಸಿದರೂ ಸಪ್ಪೆ ಅನ್ನಿಸುತ್ತಿತ್ತು. ಟ್ಯಾಬಿನಲ್ಲಿ ರಕ್ತ ತುಂಬಿದ ಕೆನ್ನೆ, ಬಣ್ಣ ಬೆರೆಸುವ ಪ್ಯಾಲೆಟ್ಟಿನಲ್ಲಿ ಗಂಜಿ. ಇನ್ನಷ್ಟು ಕ್ಯಾಡ್ಮಿಯಂ ರೆಡ್ ಹಾಕಿದೆ. ಆಮೇಲೆ ಇನ್ನೂ ಒಂದಿಷ್ಟು. ಕೊನೆಗೆ ಎರಡೂ ಒಂದೇ ಥರ ಕಂಡವು, ಖುಷಿಯಿಂದ ಮಲಗಿದೆ. ಬೆಳಿಗ್ಗೆ ಹುಡುಗಿ ಬಂದು ನೋಡಿ ಕೇಳಿದಳು: "ಚಿಕ್ಕಮ್ಮಾ, ಅವತ್ತು ನಂಗೆ ಜ್ವರ ಬಂದಿತ್ತಾ?"

ಸುಳ್ಳಲ್ಲ. ಕಿಟಕಿಯ ಬೆಳಕಿನಲ್ಲಿ ಮುಖ ಬಿಸಿಲಿಗೆ ಬೆಂದ ಹಾಗಿತ್ತು.

ಮೊದಲು ಅಕ್ರಿಲಿಕ್ಕನ್ನು ಬೈದೆ. ಒಣಗಿದ ಮೇಲೆ ಅದು ಒಂದು ಷೇಡ್ ಗಾಢವಾಗೋದು ನಿಜ, ಹಸಿ ಇದ್ದಾಗ ಹಾಲಿನಂತಿರುವ ಅಂಟು ಒಣಗಿದಾಗ ಪಾರದರ್ಶಕ ಆಗುತ್ತೆ. ಆದರೆ ಗಾಢ ಆಗೋದು ಬೇರೆ, ಕೆಂಪಾಗೋದು ಬೇರೆ. ಆಮೇಲೆ ಟ್ಯೂಬನ್ನು ಬೈದು ಬೇರೆ ಕೆಂಪು ತಂದೆ. ಕ್ಯಾನ್ವಾಸಿಗೆ ಮೊದಲು ಬಳಿಯುವ ಪ್ರೈಮರ್ ಮೇಲೂ ಅನುಮಾನ ಬಂತು. ಎರಡನೇ ಮುಖ, ಮೂರನೇ ಮುಖ, ಎಲ್ಲವೂ ರಾತ್ರಿ ಸರಿ, ಬೆಳಿಗ್ಗೆ ಜ್ವರ.

ಒಂದು ರಾತ್ರಿ ಬಣ್ಣ ಒರೆಸಿಕೊಳ್ಳುವಾಗ ನನ್ನ ಅಂಗೈ ಕಣ್ಣಿಗೆ ಬಿತ್ತು. ಹೆಣದ ಕೈ ಇದ್ದ ಹಾಗಿತ್ತು. ಉಗುರಿನ ಕೆಳಗಿನ ಗುಲಾಬಿ ಬಣ್ಣ ಬೂದಿ ಬಳಿದಂತೆ. ಬಚ್ಚಲಿನ ಹಳೇ ಹಳದಿ ಬಲ್ಬಿನ ಕೆಳಗೆ ಹಿಡಿದು ನೋಡಿದೆ, ಕೈಗೆ ಜೀವ ಬಂತು. ತಪ್ಪು ಯಾರದ್ದು ಅಂತ ಆಗ ಗೊತ್ತಾಯಿತು.

ನನಗೆ ಅರ್ಥವಾಗಿದ್ದು ಇಷ್ಟು. 'ಡೇಲೈಟ್' ಅನ್ನೋದು ಬೆಳಕಿನ ಛಾಯೆಯ ಹೆಸರು ಮಾತ್ರ. ಅದನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ: 2700 ಕೆಲ್ವಿನ್ ಅಂದರೆ ಹಳದಿ, 5000 ಅಂದರೆ ಬಿಳಿ, 6500 ಅಂದರೆ ನೀಲಿ ಬೆರೆತ ಬಿಳಿ. ಆ ಬೆಳಕಿನ ಕೆಳಗೆ ಇಟ್ಟ ವಸ್ತುವಿನ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋದಕ್ಕೆ ಇರೋದು ಬೇರೆ ಅಳತೆ, ಸಿಆರ್‌ಐ. ಪೂರ್ತಿ ಅಂಕ 100. ಸಾಮಾನ್ಯ ಎಲ್‌ಇಡಿ ಬಲ್ಬುಗಳು 80ರ ಆಸುಪಾಸಿನಲ್ಲಿ ಇರುತ್ತವೆ. ನನ್ನ ಪ್ಯಾನೆಲ್ ಡಬ್ಬದ ಮೇಲೆ ಆ ಅಂಕವನ್ನೇ ಬರೆದಿರಲಿಲ್ಲ. ಬರೆಯದೇ ಇದ್ದರೆ ಹೇಳಿಕೊಳ್ಳೋಕೆ ಚೆನ್ನಾಗಿಲ್ಲ ಅಂತಲೇ ನಾನೀಗ ತಿಳಿದುಕೊಳ್ಳುತ್ತೇನೆ.

80 ಅಂದರೆ ಒಳ್ಳೇ ಮಾರ್ಕ್ಸ್ ಅಲ್ವಾ ಅಂತ ಅನ್ನಿಸಬಹುದು. ಅಲ್ಲೇ ಇರೋದು ಮೋಸ. ಆ ಅಂಕ ಎಂಟು ತಿಳಿ ಬಣ್ಣಗಳ ಸರಾಸರಿ. ಕಡುಗೆಂಪು ಆ ಎಂಟರಲ್ಲಿ ಸೇರಿಲ್ಲ. ಅದು ಒಂಬತ್ತನೆಯದು, ಆರ್9 ಅಂತ ಬೇರೆಯಾಗಿ ಬರೆಯುತ್ತಾರೆ. ಎಂಟು ವಿಷಯದಲ್ಲಿ ಪಾಸಾಗಿ ಒಂಬತ್ತನೆಯದರಲ್ಲಿ ಸೊನ್ನೆ ತೆಗೆದರೂ ಮಾರ್ಕ್ಸ್ ಕಾರ್ಡಿನಲ್ಲಿ ಫಸ್ಟ್ ಕ್ಲಾಸ್! ಬಹಳಷ್ಟು ಬಿಳಿ ಎಲ್‌ಇಡಿಗಳ ಒಳಗೆ ಇರೋದು ನೀಲಿ ಬೆಳಕು ಕೊಡುವ ಚಿಪ್, ಅದರ ಮೇಲೆ ಹಳದಿ ಬೆಳಕು ಕೊಡುವ ಲೇಪ. ನೀಲಿ, ಹಳದಿಗೆ ಬರ ಇಲ್ಲ. ಕಡುಗೆಂಪು ಮಾತ್ರ ಬಡಪಾಯಿ. ಆಕಾಶ, ಗುಡ್ಡ ಬರೆಯುವವರಿಗೆ ಇದು ಅಷ್ಟಾಗಿ ತಟ್ಟದೇ ಇರಬಹುದು. ಚರ್ಮದ ಬಣ್ಣ ನಿಂತಿರೋದೇ ಕೆಂಪಿನ ಮೇಲೆ. ಟ್ಯಾಬಿನ ಪರದೆಗೆ ಅದರದ್ದೇ ಬೆಳಕು, ಹಾಗಾಗಿ ಫೋಟೋ ಸರಿಯಾಗಿ ಕಾಣುತ್ತಿತ್ತು. ಪ್ಯಾಲೆಟ್ಟಿನ ಮೇಲಿನ ಕೆಂಪು ಮಾತ್ರ ಸತ್ತು ಕಾಣುತ್ತಿತ್ತು. ಅದನ್ನು ಬದುಕಿಸೋಕೆ ಹೋಗಿ ನಾನು ಜ್ವರ ಬರಿಸುತ್ತಿದ್ದೆ.

ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ಆ ಮೂರು ಚಿತ್ರಗಳಾದ ಮೇಲೆ ಸುಮಾರು ಎರಡು ತಿಂಗಳು ನಾನು ಬ್ರಷ್ ಮುಟ್ಟಲಿಲ್ಲ. ಐಡಿಯಾ ಖಾಲಿಯಾಯಿತು, ನನ್ನಲ್ಲಿ ಏನೂ ಉಳಿದಿಲ್ಲ ಅಂತ ಸ್ನೇಹಿತೆಯ ಹತ್ತಿರ ಅತ್ತಿದ್ದೂ ಆಯಿತು. ಸ್ಕೆಚ್ ಪುಸ್ತಕ ತೆಗೆದು ನೋಡಿದರೆ ಅದೇ ಎರಡು ತಿಂಗಳಲ್ಲಿ ಪೆನ್ಸಿಲ್‌ನಲ್ಲಿ ಹತ್ತಾರು ಮುಖ ಗೀಚಿದ್ದೆ. ಐಡಿಯಾಗಳು ಎಲ್ಲಿಗೂ ಹೋಗಿರಲಿಲ್ಲ. ಬೆಳಿಗ್ಗೆ ಎದ್ದು ಚಿತ್ರ ನೋಡೋಕೆ ಹೆದರಿಕೆ ಆಗುತ್ತಿತ್ತು, ಅಷ್ಟೇ.

ಪ್ಯಾನೆಲ್ಲಿನ ಉಳಿದ ದೂರುಗಳು ಸಣ್ಣವು. ಬೆಳಕು ತಗ್ಗಿಸಿದರೆ ಮೊಬೈಲ್ ಕ್ಯಾಮೆರಾದಲ್ಲಿ ಪಟ್ಟೆ ಪಟ್ಟೆ ಬರುತ್ತೆ. ಹಸಿ ಬಣ್ಣದ ಮೇಲೆ ಕನ್ನಡಿಯ ಹಾಗೆ ಪ್ರತಿಬಿಂಬ. ಸ್ಟ್ಯಾಂಡಿನ ಮೂರು ಕಾಲು ಇಡೀ ಮೂಲೆಯನ್ನು ನುಂಗುತ್ತೆ.

ಈಗ ಬಲ್ಬು. 5000 ಕೆಲ್ವಿನ್, ಸಿಆರ್‌ಐ 95ಕ್ಕಿಂತ ಜಾಸ್ತಿ, ಆರ್9 ಎಷ್ಟು ಅಂತ ಡಬ್ಬದ ಮೇಲೇ ಬರೆದಿದ್ದು. ಒಂದೊಂದೂ ಸುಮಾರು 1000 ಲ್ಯೂಮೆನ್ (ಬೆಳಕು ಎಷ್ಟು ಅನ್ನೋದರ ಅಳತೆ). 6500ರದ್ದೂ ಸಿಗುತ್ತಿತ್ತು. ಆದರೆ ಮುದ್ರಣದವರು ಬಣ್ಣ ತಾಳೆ ನೋಡೋಕೆ 5000ದ ಬೆಳಕನ್ನೇ ಗೊತ್ತು ಮಾಡಿಕೊಂಡಿದ್ದಾರೆ ಅಂತ ಓದಿದ್ದೆ, ಅವರಿಗೆ ಸಾಕಾದದ್ದು ನನಗೂ ಸಾಕು ಅಂದುಕೊಂಡೆ. ಸಾಮಾನ್ಯ ಬಲ್ಬಿಗಿಂತ ದುಬಾರಿ, ನಿಜ. ಆದರೂ ಪ್ಯಾನೆಲ್ಲಿಗೆ ಸುರಿದ ದುಡ್ಡಿನಲ್ಲಿ ಇಂಥ ನಾಲ್ಕು ಬಲ್ಬು, ಕ್ಲಿಪ್ ಇರುವ ಎರಡು ಲ್ಯಾಂಪು ಬರುತ್ತಿದ್ದವು.

ಬಲ್ಬು ಹಾಕಿದ ಕೂಡಲೇ ಎಲ್ಲ ಸರಿಹೋಗಲಿಲ್ಲ. ಮೊದಲು ಎರಡನ್ನೂ ಕ್ಯಾನ್ವಾಸಿನ ಕಡೆಗೇ ತಿರುಗಿಸಿದ್ದೆ. ಪ್ಯಾಲೆಟ್ ಅರೆಕತ್ತಲಲ್ಲಿ ಉಳಿಯಿತು. ಬೆರೆಸುವಾಗ ಒಂದು ಬಣ್ಣ, ಹಚ್ಚಿದಾಗ ಇನ್ನೊಂದು. ಈಗ ಎರಡೂ ಲ್ಯಾಂಪ್ ತಲೆಗಿಂತ ಮೇಲೆ, ಓರೆಯಾಗಿ, ಕ್ಯಾನ್ವಾಸು ಪ್ಯಾಲೆಟ್ಟು ಎರಡಕ್ಕೂ ಒಟ್ಟಿಗೆ ಬೆಳಕು ಬೀಳುವ ಹಾಗೆ ಕಚ್ಚಿಸಿದ್ದೇನೆ. ಕ್ಯಾನ್ವಾಸಿನ ಮೇಲ್ತುದಿಯನ್ನು ಒಂದಿಷ್ಟು ಮುಂದಕ್ಕೆ ಬಾಗಿಸಿದರೆ ಹೊಳಪು ಕಣ್ಣಿಗೆ ಬಾರದೆ ಕೆಳಗೆ ಹೋಗುತ್ತೆ. ಕೋಣೆಯ ಮಾಮೂಲಿ ದೀಪ ಆರಿಸಿಬಿಡುತ್ತೇನೆ, ಇಲ್ಲದಿದ್ದರೆ ಅದೂ ತನ್ನ ಹಳದಿ ಬೆರೆಸುತ್ತೆ.

ಆಸೆಗೆ ಬಿದ್ದು ಮೂರನೇ ಬಲ್ಬನ್ನೂ ಹಾಕಿದ್ದೆ. ಕ್ಯಾನ್ವಾಸ್ ಮೇಲೆ ಬೆಳಕು ಜಾಸ್ತಿ ಆದರೆ ಕೈ ತಾನಾಗೇ ಗಾಢ ಬಣ್ಣಕ್ಕೆ ಹೋಗುತ್ತೆ. ಆ ಚಿತ್ರವನ್ನು ನಡುಮನೆಯಲ್ಲಿ ತೂಗುಹಾಕಿದರೆ ಸಂಜೆ ಹೊತ್ತಿಗೆ ಮುಖವೇ ಕಾಣಲ್ಲ. ಮೂರನೆಯದನ್ನು ತೆಗೆದೆ.

ಹಾಗಾದರೆ ಯಾರಿಗೆ ಯಾವುದು? ಹಗಲು ಬಿಡುವಿದ್ದು, ನೇರ ಬಿಸಿಲು ಬಾರದ ಕಿಟಕಿ ಇದ್ದರೆ ಏನೂ ಕೊಳ್ಳಬೇಡಿ. ವಿಡಿಯೋ ಕೂಡ ಮಾಡುವವರಾದರೆ ಸಿಆರ್‌ಐ, ಆರ್9 ಎರಡನ್ನೂ ಬರೆದಿರುವ ಪ್ಯಾನೆಲ್ ನೋಡಿ. ಒಳ್ಳೆಯವು ಇವೆ, ನನ್ನ ಕೈಗೆ ಸಿಕ್ಕಿದ್ದು ಕೆಟ್ಟದ್ದು. ನನ್ನ ಹಾಗೆ ರಾತ್ರಿ ಕೂರುವವರು, ಕೈ ಬಿಗಿಹಿಡಿದು ಖರ್ಚು ಮಾಡುವವರು ಬಲ್ಬು ತನ್ನಿ.

ಈಗ ನನ್ನ ಕ್ರಮ ಹೀಗಿದೆ. ಒದ್ದೆ ಸ್ಪಂಜಿನ ಮೇಲೆ ಬಟರ್ ಪೇಪರ್ ಹಾಸಿದ ಪ್ಯಾಲೆಟ್ಟು, ಮೇಲೊಂದು ಮುಚ್ಚಳ. ನಿನ್ನೆಯ ಬಣ್ಣ ಇವತ್ತೂ ಹಸಿಯಾಗೇ ಇರುತ್ತೆ. ಈಸೆಲ್ ಮಡಚಲ್ಲ, ಬ್ರಷ್ ಎತ್ತಿಡಲ್ಲ. ಒಂಬತ್ತು ಗಂಟೆಗೆ ಸ್ವಿಚ್ ಹಾಕಿದರೆ ನಿನ್ನೆ ಬಿಟ್ಟ ಕಿವಿಯ ಹತ್ತಿರವೇ ಇರುತ್ತೇನೆ. ನಲವತ್ತು ನಿಮಿಷ ಸಿಕ್ಕರೂ ಒಂದು ಕಿವಿ ಮುಗಿಯುತ್ತೆ. ಬೆಳಿಗ್ಗೆ ಕಾಲು ಗಂಟೆ ಕಿಟಕಿಯ ಹತ್ತಿರ ಇಟ್ಟು ನೋಡುವ ಅಭ್ಯಾಸ ಬಿಟ್ಟಿಲ್ಲ. ಅಷ್ಟರ ಮಟ್ಟಿಗೆ ಕಿಟಕಿಯೇ ಯಜಮಾನ.

ಪ್ಯಾನೆಲ್ಲನ್ನು ಇಸ್ತ್ರಿ ಮಾಡುವ ಟೇಬಲ್ ಪಕ್ಕ ನಿಲ್ಲಿಸಿದ್ದೇನೆ. ಬಟ್ಟೆಯ ಸುಕ್ಕು ಬಹಳ ಚೆನ್ನಾಗಿ ಕಾಣುತ್ತೆ. ಅಕ್ಕನ ಮಗಳ ಮುಖವನ್ನು ಹೋದ ತಿಂಗಳು ಮತ್ತೆ ಮಾಡಿದೆ. ಬೆಳಿಗ್ಗೆ ನೋಡಿದವಳು ಜ್ವರದ ಸುದ್ದಿ ಎತ್ತಲಿಲ್ಲ. ಮೂಗು ಮಾತ್ರ ತನ್ನದಲ್ಲ, ಅಮ್ಮನದು ಅಂದಳು. ಇದಕ್ಕೆ ಬಲ್ಬನ್ನು ಬೈಯೋ ಹಾಗಿಲ್ಲ.