ಸ್ಟೋರೇಜ್ ಸಂಪರ್ಕ ಕಡಿದಾಗ ಇ2ಎಫ್‌ಎಸ್‌ಸಿಕೆ: ದೀರ್ಘಕಾಲದ ಬಳಕೆಯ ಅನುಭವ

ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಗೆ ಫೈಲ್‌ಸಿಸ್ಟಂ ಎನ್ನುತ್ತಾರೆ. ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಂ ಬಳಸುವ ಲಿನಕ್ಸ್ ಯಂತ್ರಗಳಲ್ಲಿ, ಅದನ್ನು ಪರೀಕ್ಷಿಸಿ ದುರಸ್ತಿ ಮಾಡುವ ಇ2ಎಫ್‌ಎಸ್‌ಸಿಕೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆದರೆ ಹೆಚ್ಚಿನವರು ಅದರ ಕೈಪಿಡಿ ತೆರೆಯುವುದು ಫೈಲ್‌ಸಿಸ್ಟಂ ಕೆಟ್ಟ ದಿನವೇ. ನಾನು ನೋಡಿಕೊಳ್ಳುವ ಸರ್ವರ್‌ಗಳ ಡೇಟಾ ಐಸ್ಕಸಿ (ದೂರದ ಡಿಸ್ಕ್ ಅನ್ನು ನೆಟ್‌ವರ್ಕ್ ಮೇಲೆ ತನ್ನದೇ ಡಿಸ್ಕ್‌ನಂತೆ ಬಳಸುವ ವಿಧಾನ) ಮೂಲಕ ಬೇರೊಂದು ಸ್ಟೋರೇಜ್‌ನಲ್ಲಿರುವುದರಿಂದ ಈ ಸಾಧನದೊಡನೆ ನನ್ನ ಒಡನಾಟ ಹಳೆಯದು. ನಂಬಿಕೆಗೆ ಅರ್ಹವಾದ ಸಾಧನ ಇದು. ಆದರೆ ಅದು ಕಾಯುವುದು ಫೈಲ್‌ಸಿಸ್ಟಂನ ರಚನೆಯನ್ನು, ನಿಮ್ಮ ಫೈಲ್‌ಗಳನ್ನಲ್ಲ. ಇದನ್ನು ತಿಳಿಯದೆ ಅದನ್ನು ಓಡಿಸಬಾರದು.

ನೆಟ್‌ವರ್ಕ್ ಮೇಲೆ ಫೈಲ್‌ಗಳನ್ನೇ ಹಂಚುವ ಎನ್‌ಎಫ್‌ಎಸ್‌ನಲ್ಲಿ ಫೈಲ್‌ಸಿಸ್ಟಂ ಇರುವುದು ಸ್ಟೋರೇಜ್ ಕಡೆಯಲ್ಲಿ. ತಂತಿ ಕಡಿದರೆ ನಮ್ಮ ಪ್ರೋಗ್ರಾಂಗಳು ಕಾಯುತ್ತಾ ನಿಲ್ಲುತ್ತವೆ, ರಚನೆಗೆ ಏನೂ ಆಗುವುದಿಲ್ಲ. ಐಸ್ಕಸಿ ಹಾಗಲ್ಲ: ಅದು ಬರಿಯ ಬ್ಲಾಕ್‌ಗಳನ್ನು (ಡಿಸ್ಕ್‌ನ ಸಣ್ಣ ತುಂಡುಗಳನ್ನು) ಕೊಡುತ್ತದೆ, ಫೈಲ್‌ಸಿಸ್ಟಂ ನಡೆಸುವ ಹೊಣೆ ನಮ್ಮ ಯಂತ್ರದ್ದು. ಸಂಪರ್ಕ ಹೋದಾಗ ಲಿನಕ್ಸ್‌ನ ಐಸ್ಕಸಿ ಸಾಫ್ಟ್‌ವೇರ್ ಆದ ಓಪನ್-ಐಸ್ಕಸಿ ಸಹಜ ಸ್ಥಿತಿಯಲ್ಲಿ 120 ಸೆಕೆಂಡು ಕಾಯುತ್ತದೆ. ಆಮೇಲೆ ಬರೆಯುವ ಕೋರಿಕೆಗಳು ಸೋಲತೊಡಗುತ್ತವೆ. ಜರ್ನಲ್ (ಮಾಡಲಿರುವ ಬದಲಾವಣೆಗಳನ್ನು ಮೊದಲೇ ಗುರುತಿಸಿಡುವ ದಾಖಲೆ) ಬರೆಯಲಾಗದೆ ಕರ್ನಲ್ (ಲಿನಕ್ಸ್‌ನ ತಿರುಳು) ಅದನ್ನು ನಿಲ್ಲಿಸಿ, ಫೈಲ್‌ಸಿಸ್ಟಂ ಅನ್ನು ಓದಲು ಮಾತ್ರ ಎಂಬ ಸ್ಥಿತಿಗೆ ತರುತ್ತದೆ. ಹಾಗೆಂದು ತಿಳಿಸುವ ಸಂದೇಶ ಕಂಡು ಗಾಬರಿಯಾಗುವವರೇ ಹೆಚ್ಚು. ಗಾಬರಿ ಬೇಡ, ಕರ್ನಲ್ ಅಲ್ಲಿ ನಿಮ್ಮ ಡೇಟಾವನ್ನು ಕಾಪಾಡುತ್ತಿದೆ.

ಬರಿಯ ಸಂಪರ್ಕ ಕಡಿತದಿಂದ ರಚನೆ ಕೆಡುವುದು ಅಪರೂಪ. ಮತ್ತೆ ಮೌಂಟ್ ಮಾಡಿದಾಗ (ಬಳಕೆಗೆ ಜೋಡಿಸಿದಾಗ) ಜರ್ನಲ್ ತನ್ನ ಬಾಕಿ ಕೆಲಸ ಮುಗಿಸಿಕೊಳ್ಳುತ್ತದೆ. ನನ್ನಲ್ಲಿ ಆದದ್ದು ಬೇರೆ. ನೆಟ್‌ವರ್ಕ್ ಹೋದ ಹೊತ್ತಿನಲ್ಲೇ ಸ್ಟೋರೇಜ್‌ನ ವಿದ್ಯುತ್ತೂ ಹೋಯಿತು. ಬರೆದಾಯಿತು ಎಂದು ಅದು ಹೇಳಿದ್ದ ಬ್ಲಾಕ್‌ಗಳು ಇನ್ನೂ ಅದರ ಕ್ಯಾಶ್‌ನಲ್ಲೇ (ತಾತ್ಕಾಲಿಕ ಮೆಮೊರಿಯಲ್ಲೇ) ಇದ್ದವು, ಡಿಸ್ಕ್ ಮುಟ್ಟಿರಲಿಲ್ಲ. ಜರ್ನಲ್ ನಿಂತಿರುವುದೇ ಆ ಮಾತಿನ ಮೇಲೆ. ಅದು ಸುಳ್ಳಾದರೆ ಜರ್ನಲ್ ಏನೂ ಮಾಡಲಾರದು.

ಇಂಥ ಹೊತ್ತಿನಲ್ಲಿ ಈ ಸಾಧನದ ಅತಿ ಒಳ್ಳೆಯ ಗುಣ ‘-ಎನ್’ ಆಯ್ಕೆ. ಡಿಸ್ಕ್‌ಗೆ ಏನನ್ನೂ ಬರೆಯದೆ, ಎಲ್ಲ ಪ್ರಶ್ನೆಗೂ ಬೇಡ ಎಂದು ತಾನೇ ಉತ್ತರಿಸಿಕೊಂಡು, ಕಂಡ ದೋಷಗಳನ್ನೆಲ್ಲ ಹೇಳುತ್ತದೆ. ಒಂದು ಎಚ್ಚರ: ಆಗ ಅದು ಜರ್ನಲ್ ಅನ್ನು ಅನ್ವಯಿಸುವುದಿಲ್ಲ, ಆದ್ದರಿಂದ ದೋಷಗಳ ಪಟ್ಟಿ ನಿಜಕ್ಕಿಂತ ಉದ್ದವಾಗಿ ಕಾಣಬಹುದು. ಮೌಂಟ್ ಆಗಿರುವ ಫೈಲ್‌ಸಿಸ್ಟಂ ಮೇಲೆ ಓಡಿಸಿದರಂತೂ ಆ ವರದಿಯನ್ನು ನಂಬಲೇಬೇಡಿ. ಐಸ್ಕಸಿ ಮರಳಿ ಸೇರಿದಾಗ ಡಿಸ್ಕ್‌ನ ಹೆಸರು ಎಸ್‌ಡಿಬಿ ಇದ್ದದ್ದು ಎಸ್‌ಡಿಸಿ ಆಗಿರಬಹುದು. ಫೈಲ್‌ಸಿಸ್ಟಂನ ಬದಲಾಗದ ಗುರುತಾದ ಯುಯುಐಡಿ ನೋಡಿಯೇ ಮುಂದುವರಿಯಿರಿ. ಅದೇ ಡಿಸ್ಕ್ ಬೇರೆ ಯಾವ ಯಂತ್ರದಲ್ಲೂ ಮೌಂಟ್ ಆಗಿಲ್ಲ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಎರಡು ಯಂತ್ರಗಳು ಒಂದೇ ಇಎಕ್ಸ್‌ಟಿ4 ಮೇಲೆ ಬರೆಯುತ್ತಿದ್ದರೆ ಯಾವ ದುರಸ್ತಿಯೂ ನಿಲ್ಲುವುದಿಲ್ಲ.

ಬರೆಯುವ ದುರಸ್ತಿಗೆ ಮುನ್ನ ಪ್ರತಿ ಬೇಕೇ ಬೇಕು. ಸ್ಟೋರೇಜ್ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ಕೊಟ್ಟರೆ ಅದೇ ಸುಲಭ, ಇಲ್ಲವಾದರೆ ಡಿಸ್ಕ್ ಪ್ರತಿ ಮಾಡುವ ಡಿಡಿರೆಸ್ಕ್ಯೂ. ಪೂರ್ತಿ ಪ್ರತಿಗೆ ಜಾಗವೇ ಇಲ್ಲದಿದ್ದರೆ ‘-ಜೆಡ್’ ಆಯ್ಕೆ ಇದೆ: ತಿದ್ದುವ ಮುನ್ನ ಹಳೆಯ ಬ್ಲಾಕ್‌ಗಳನ್ನು ಒಂದು ಫೈಲಿಗೆ ಎತ್ತಿಡುತ್ತದೆ, ಬೇಡವೆನಿಸಿದರೆ ಇ2ಅನ್‌ಡೂ ಅವನ್ನು ಮೊದಲಿನಂತೆ ಕೂರಿಸುತ್ತದೆ. ಆ ಫೈಲ್ ಬೇರೆ ಡಿಸ್ಕ್‌ನಲ್ಲಿರಬೇಕು. ಇಷ್ಟು ಒಳ್ಳೆಯ ಸೌಲಭ್ಯ ಇಷ್ಟು ಜನರಿಗೆ ಗೊತ್ತಿಲ್ಲದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ದುರಸ್ತಿ ಐದು ಹಂತಗಳಲ್ಲಿ ನಡೆಯುತ್ತದೆ: ಐನೋಡ್‌ಗಳು (ಒಂದೊಂದು ಫೈಲಿನ ವಿವರ ಇರುವ ದಾಖಲೆಗಳು), ಡೈರೆಕ್ಟರಿಗಳ ರಚನೆ, ಅವುಗಳ ಪರಸ್ಪರ ಕೊಂಡಿ, ಲಿಂಕ್‌ಗಳ ಲೆಕ್ಕ, ಕೊನೆಗೆ ಬ್ಲಾಕ್ ಗುಂಪುಗಳ ಲೆಕ್ಕ. ಮೊದಲ ಹಂತವೇ ದೀರ್ಘ. ಮುಖ್ಯ ಸೂಪರ್‌ಬ್ಲಾಕ್ (ಇಡೀ ಫೈಲ್‌ಸಿಸ್ಟಂನ ಮೂಲ ವಿವರ ಇರುವ ಜಾಗ) ಕೆಟ್ಟಿದ್ದರೂ ದಾರಿ ಇದೆ. 4 ಕೆಬಿ ಬ್ಲಾಕ್ ಇರುವಲ್ಲಿ ಅದರ ಮೊದಲ ಪ್ರತಿ ಸಾಮಾನ್ಯವಾಗಿ 32768ನೇ ಬ್ಲಾಕ್‌ನಲ್ಲಿ ಸಿಗುತ್ತದೆ. ಉಳಿದ ಪ್ರತಿಗಳ ಸ್ಥಾನ ತಿಳಿಯಲು, ಫೈಲ್‌ಸಿಸ್ಟಂ ಸೃಷ್ಟಿಸುವ ಎಂಕೆಇ2ಎಫ್‌ಎಸ್ ಅನ್ನು ‘-ಎನ್’ ಜೊತೆ ಓಡಿಸಿ ಎಂಬ ಸಲಹೆ ಎಲ್ಲೆಡೆ ಕಾಣುತ್ತದೆ. ನನಗೆ ಅದು ಇಷ್ಟವಿಲ್ಲ. ಆ ಒಂದು ಅಕ್ಷರ ಬಿಟ್ಟುಹೋದರೆ ಡಿಸ್ಕ್ ಫಾರ್ಮ್ಯಾಟ್ ಆಗುತ್ತದೆ. ಎಲ್ಲ ಸರಿಯಿರುವಾಗಲೇ, ಫೈಲ್‌ಸಿಸ್ಟಂನ ವಿವರ ತೋರಿಸುವ ಡಂಪ್‌ಇ2ಎಫ್‌ಎಸ್‌ನ ವರದಿಯನ್ನು ಬೇರೆಡೆ ಉಳಿಸಿಡುವುದು ಮೇಲು.

ಇನ್ನು ದೂರುಗಳು. ಇಂಥ ಐನೋಡ್ ಅಳಿಸಲೇ ಎಂದು ಇ2ಎಫ್‌ಎಸ್‌ಸಿಕೆ ಕೇಳುವಾಗ ಎಷ್ಟೋ ಸಲ ಸಂಖ್ಯೆ ಮಾತ್ರ ಕಾಣುತ್ತದೆ, ಅದು ಯಾವ ಫೈಲ್ ಎಂದು ತಿಳಿಯುವುದಿಲ್ಲ. ಉತ್ತರ ಕೊಡುವ ಮುನ್ನ ಇನ್ನೊಂದು ಟರ್ಮಿನಲ್‌ನಲ್ಲಿ, ಮಾಡಿಟ್ಟ ಪ್ರತಿಯ ಮೇಲೆ, ಡೀಬಗ್‌ಎಫ್‌ಎಸ್ ತೆರೆದು ಎನ್‌ಚೆಕ್ ಆಜ್ಞೆಯಿಂದ ಹೆಸರು ಹುಡುಕಬೇಕು. ದೋಷಗಳು ನೂರಾರು ಇದ್ದರೆ ಅದು ಆಗದ ಮಾತು. ಆಗ ಜನ ‘-ವೈ’ ಕೊಟ್ಟು ಎಲ್ಲಕ್ಕೂ ಒಪ್ಪಿಬಿಡುತ್ತಾರೆ, ಮತ್ತು ಲಾಸ್ಟ್+ಫೌಂಡ್ ಎಂಬ ಡೈರೆಕ್ಟರಿಯಲ್ಲಿ ಹೆಸರು ಕಳೆದುಕೊಂಡ ಫೈಲ್‌ಗಳು ಬರಿಯ ಸಂಖ್ಯೆಗಳಾಗಿ ಬಂದು ಬೀಳುತ್ತವೆ. ‘ಫೈಲ್’ ಎಂಬ ಆಜ್ಞೆ ಅವುಗಳ ಬಗೆಯನ್ನು ಹೇಳಬಲ್ಲದು, ಹೆಸರನ್ನಲ್ಲ.

ಎಲ್ಲಕ್ಕಿಂತ ಮೋಸಗೊಳಿಸುವುದು ಕೊನೆಗೆ ಬರುವ ‘ಕ್ಲೀನ್’ ಎಂಬ ಸಂದೇಶ. ಇಎಕ್ಸ್‌ಟಿ4 ಸಹಜ ಸ್ಥಿತಿಯಲ್ಲಿ ಜರ್ನಲ್‌ಗೆ ಬರೆಯುವುದು ಮೆಟಾಡೇಟಾವನ್ನು (ರಚನೆಯ ವಿವರವನ್ನು) ಮಾತ್ರ. ರಚನೆ ಶುದ್ಧವಾಗಿದ್ದೂ ಫೈಲಿನೊಳಗೆ ಹಳೆಯ ಅಥವಾ ಅರ್ಧ ಬರೆದ ಮಾಹಿತಿ ಇರಬಹುದು. ನಮ್ಮಲ್ಲಿ ದುರಸ್ತಿಯ ನಂತರ ಫೈಲ್‌ಸಿಸ್ಟಂ ನಿರ್ವಿಘ್ನವಾಗಿ ಮೌಂಟ್ ಆಯಿತು, ಆದರೆ ಡೇಟಾಬೇಸ್ ತನ್ನದೇ ಪರೀಕ್ಷೆಯಲ್ಲಿ ಸೋತಿತು. ಬ್ಯಾಕಪ್‌ನಿಂದಲೇ ಅದನ್ನು ಮರಳಿ ತರಬೇಕಾಯಿತು. ಇದಕ್ಕೆ ಇ2ಎಫ್‌ಎಸ್‌ಸಿಕೆಯನ್ನು ನಾನು ದೂರುವುದಿಲ್ಲ, ಅದು ಆ ಮಾತು ಕೊಟ್ಟೇ ಇರಲಿಲ್ಲ.

ಐಸ್ಕಸಿ ಮೇಲೆ ಇಎಕ್ಸ್‌ಟಿ4 ಇಟ್ಟಿರುವ ಯಾರಿಗಾದರೂ ಈ ಸಾಧನವನ್ನು ಧೈರ್ಯವಾಗಿ ಹೇಳುತ್ತೇನೆ: ಐದಕ್ಕೆ ನಾಲ್ಕು ಅಂಕ. ಪ್ರಶ್ನೆ ಕೇಳುವಾಗ ಐನೋಡ್ ಸಂಖ್ಯೆಯ ಪಕ್ಕದಲ್ಲಿ ಫೈಲಿನ ಹೆಸರನ್ನೂ, ತಿಳಿದಷ್ಟಾದರೂ, ತೋರಿಸುವ ದಿನ ಉಳಿದ ಒಂದನ್ನೂ ಕೊಡುತ್ತೇನೆ.