ಮಾತ್ರೆ ನಡೆಯುತ್ತಿರುವ ತಿಂಗಳಲ್ಲಿ ಓವುಲೇಷನ್ ಕಿಟ್: ಸ್ಟ್ರಿಪ್ ಸರಿ, ಪಟ್ಟಿ ತಪ್ಪು

ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಸಿಗುವ ಐ-ನೋ, ಓವಾ ನ್ಯೂಸ್ ಥರದ ಕಿಟ್‌ಗಳ ಕೆಲಸ ಒಂದೇ: ಮೂತ್ರದಲ್ಲಿ ಎಲ್‌ಎಚ್ ಹಾರ್ಮೋನು ಏರಿದ್ದನ್ನು ತೋರಿಸುವುದು. ಏರಿಕೆ ಕಂಡ ಮೇಲೆ ಸಾಮಾನ್ಯವಾಗಿ ಒಂದು, ಒಂದೂವರೆ ದಿನದಲ್ಲಿ ಅಂಡಾಣು ಹೊರಬೀಳುತ್ತದೆ. ಅಷ್ಟನ್ನು ಇವು ಚೆನ್ನಾಗಿಯೇ ಹೇಳುತ್ತವೆ. ನಮ್ಮ ತಕರಾರು ಇಂಥ ಕಿಟ್‌ಗಳ ಜೊತೆ ಬರುವ ದಿನದ ಪಟ್ಟಿಯ ಬಗ್ಗೆ. ಅದು ಅಂಡಾಣು ಬೆಳೆಸುವ ಮಾತ್ರೆ ತೆಗೆದುಕೊಳ್ಳದವರ ಲೆಕ್ಕ.

ಸಾಮಾನ್ಯವಾಗಿ ಆ ಪಟ್ಟಿ ಮುಟ್ಟಿನ ಚಕ್ರದ ಉದ್ದದಿಂದ 17 ಕಳೆಯುತ್ತದೆ. 28 ದಿನದವರು 11ನೇ ದಿನ ಶುರು ಮಾಡಬೇಕು, 40 ದಿನದವರು 23ನೇ ದಿನ. ಆದರೆ ಪಿಸಿಓಡಿ ಎಂಬ ಹಾರ್ಮೋನು ಏರುಪೇರಿನ ತೊಂದರೆಯಿಂದ ಮುಟ್ಟು 40 ದಿನಕ್ಕೆ ಹೋಗುತ್ತಿದೆ ಎಂದೇ ಅಲ್ಲವೇ ಡಾಕ್ಟರು ಮಾತ್ರೆ ಕೊಟ್ಟಿರುವುದು? 3ರಿಂದ 7ನೇ ದಿನದವರೆಗೆ ಲೆಟ್ರೋಝೋಲ್ ಅಥವಾ ಕ್ಲೋಮಿಫೀನ್ ತೆಗೆದುಕೊಂಡು ಅದು ಕೆಲಸ ಮಾಡಿದರೆ, ಅಂಡಾಣು ಬಿಡುಗಡೆಯಾಗುವುದು ಕೊನೆಯ ಮಾತ್ರೆಯಾದ 5ರಿಂದ 10 ದಿನದೊಳಗೆ, ಅಂದರೆ ಸುಮಾರು 12ರಿಂದ 17ನೇ ದಿನದ ಮಧ್ಯೆ. ಹಳೆಯ ಚಕ್ರ ನೋಡಿಕೊಂಡು 23ನೇ ದಿನ ಡಬ್ಬ ಒಡೆಯುವ ಹೊತ್ತಿಗೆ ಎಲ್ಲಾ ಮುಗಿದಿರುತ್ತದೆ.

ಆದ್ದರಿಂದ ಎಣಿಕೆ ಕೊನೆಯ ಮಾತ್ರೆಯಿಂದ ಆಗಬೇಕು. ಆಮೇಲೆ ಮೂರು ದಿನ ಪೂರ್ತಿ ಬಿಟ್ಟು ಪರೀಕ್ಷೆ ಶುರು ಮಾಡಿ: 7ಕ್ಕೆ ಮುಗಿದರೆ 11ರಿಂದ, 9ಕ್ಕೆ ಮುಗಿದರೆ 13ರಿಂದ. ಬೇಗ ಶುರು ಮಾಡಿದರೆ ಸ್ಟ್ರಿಪ್ ದಂಡ, ಜೊತೆಗೆ ಮೋಸ ಹೋಗುವ ಭಯವೂ ಉಂಟು. ಕ್ಲೋಮಿಫೀನ್ ದೇಹದ ಈಸ್ಟ್ರೋಜನ್ ಮೆದುಳಿಗೆ ಕಾಣದಂತೆ ಮಾಡುತ್ತದೆ. ಈಸ್ಟ್ರೋಜನ್ ಕಡಿಮೆಯಿದೆ ಎಂದುಕೊಂಡ ಮೆದುಳು ಪಿಟ್ಯುಟರಿ ಗ್ರಂಥಿಯಿಂದ ಅಂಡಾಣು ಬೆಳೆಸುವ ಎಫ್‌ಎಸ್‌ಎಚ್ ಜೊತೆಗೆ ಎಲ್‌ಎಚ್ ಅನ್ನೂ ಹೊರಡಿಸುತ್ತದೆ. ಮಾತ್ರೆಯ ದಿನಗಳಲ್ಲೂ ಅದರ ಬೆನ್ನಿಗೇ ಕಾಣುವ ಗಾಢ ಗೆರೆ ಇದೇ ಇರಬಹುದು. ಪಿಸಿಓಡಿ ಇರುವವರಲ್ಲಿ ಎಲ್‌ಎಚ್ ಮೊದಲೇ ಮೇಲಿರುವುದುಂಟು. ಅಂಥವರಿಗೆ ದಿನವೂ ಅರೆಬರೆ ಗೆರೆ ಬಂದು ತಲೆ ಕೆಡುತ್ತದೆ. ಮೂರು ನಾಲ್ಕು ದಿನ ಸಾಲಾಗಿ ಪಾಸಿಟಿವ್ ಬಂದರೆ ಇನ್ನೊಂದು ಕಂಪನಿಯ ಕಿಟ್ ಕೊಳ್ಳುವ ಬದಲು ಸ್ಕ್ಯಾನ್‌ಗೆ ಹೋಗುವುದು ಲೇಸು.

ಪರೀಕ್ಷೆಗೆ ಬೆಳಗಿನ ಮೊದಲ ಮೂತ್ರ ಬೇಕೆಂಬುದು ಪ್ರೆಗ್ನೆನ್ಸಿ ಟೆಸ್ಟ್‌ನಿಂದ ಬಂದ ಅಭ್ಯಾಸ. ಎಲ್‌ಎಚ್ ರಕ್ತದಲ್ಲಿ ಏರುವುದು ಹೆಚ್ಚಾಗಿ ಬೆಳಗಿನ ಜಾವ. ಮೂತ್ರಕ್ಕೆ ಇಳಿಯಲು ಕೆಲವು ಗಂಟೆ ಹಿಡಿಯುತ್ತದೆ. ಮಧ್ಯಾಹ್ನ ಅಥವಾ ಸಂಜೆ, ದಿನಾ ಒಂದೇ ಹೊತ್ತಿಗೆ ಮಾಡಿ. ಅದಕ್ಕೂ ಮೊದಲು ಎರಡು ಗಂಟೆ ಹೆಚ್ಚು ನೀರು, ಮಜ್ಜಿಗೆ ಬೇಡ. ತೆಳುವಾದ ಮೂತ್ರದಲ್ಲಿ ಗೆರೆಯೂ ತೆಳುವಾಗುತ್ತದೆ. ಅದ್ದುವ ಸ್ಟ್ರಿಪ್ ಆದರೆ ಮ್ಯಾಕ್ಸ್ ಗೆರೆ ದಾಟಿಸಬೇಡಿ; ಡ್ರಾಪರ್ ಇರುವ ಕ್ಯಾಸೆಟ್ ಆದರೆ ಹೇಳಿದಷ್ಟೇ ಹನಿ ಹಾಕಿ. ಫಲಿತಾಂಶ ಎಷ್ಟು ನಿಮಿಷಕ್ಕೆ ನೋಡಬೇಕೆಂದು ಹಾಳೆಯಲ್ಲಿದೆ. ಅರ್ಧ ಗಂಟೆ ಬಿಟ್ಟು ಕಸದ ಬುಟ್ಟಿಯಿಂದ ಎತ್ತಿ ನೋಡಿದರೆ ಅದಕ್ಕೆ ಬೆಲೆಯಿಲ್ಲ. ಹೊಸಬರು ಎಡವುವುದು ಗೆರೆ ಓದುವಲ್ಲಿ. ಇಲ್ಲಿ ಎರಡು ಗೆರೆ ಬಂದರೆ ಸಾಲದು: ಟಿ (ಟೆಸ್ಟ್) ಗೆರೆ ಸಿ (ಕಂಟ್ರೋಲ್) ಗೆರೆಯಷ್ಟು ಗಾಢವಾಗಬೇಕು, ಇಲ್ಲವೇ ಅದಕ್ಕಿಂತ ಹೆಚ್ಚು. ಮಸುಕಾಗಿದ್ದರೆ ನೆಗೆಟಿವ್.

ಪಾಸಿಟಿವ್ ಬಂದ ದಿನ, ಮಾರನೆಯ ದಿನ ಸೇರುವುದು ಒಳ್ಳೆಯದು. ಬಿಳಿ ಸ್ರಾವ ನೋಡಿಕೊಂಡು ದಿನ ಗೊತ್ತುಮಾಡುವವರು ಕ್ಲೋಮಿಫೀನ್ ತಿಂಗಳಲ್ಲಿ ಅದನ್ನು ನೆಚ್ಚಬಾರದು, ಆ ಮಾತ್ರೆ ಸ್ರಾವವನ್ನೇ ಒಣಗಿಸಬಹುದು.

ಐದೇ ಸ್ಟ್ರಿಪ್ ಇರುವ ಪ್ಯಾಕ್ ಈ ಲೆಕ್ಕಕ್ಕೆ ಸಾಲದು. 11ಕ್ಕೆ ಶುರುವಾದರೆ 15ಕ್ಕೆ ಖಾಲಿ, ಕಿಟಕಿ ಇನ್ನೂ 17ರವರೆಗೆ ತೆರೆದಿದೆ. ಎರಡು ಪ್ಯಾಕ್ ತನ್ನಿ, ಅಥವಾ ಆನ್‌ಲೈನಲ್ಲಿ ಸಿಗುವ ಬಿಡಿ ಸ್ಟ್ರಿಪ್‌ಗಳ ದೊಡ್ಡ ಪ್ಯಾಕ್ ತರಿಸಿ. ಅವಧಿ ಮುಗಿಯದಿದ್ದರೆ ಉಳಿದದ್ದು ಮುಂದಿನ ತಿಂಗಳಿಗೆ. ನಗುಮುಖ ತೋರಿಸುವ ಡಿಜಿಟಲ್ ಕಿಟ್‌ನಲ್ಲಿ ಗೆರೆಯ ಗೊಂದಲವಿಲ್ಲ, ದುಡ್ಡು ಜಾಸ್ತಿ. ಆದರೆ ಈಸ್ಟ್ರೋಜನ್ ಕೂಡ ಅಳೆಯುವ ಮಾದರಿ ಈ ತಿಂಗಳಿಗೆ ಬೇಡ. ಎರಡು ಮೂರು ಫಾಲಿಕಲ್ (ಅಂಡಾಣು ಬೆಳೆಯುವ ಚೀಲ) ಒಟ್ಟಿಗೆ ಬೆಳೆದರೆ ಈಸ್ಟ್ರೋಜನ್ ಎಂದಿನ ಅಳತೆಯಲ್ಲಿರುವುದಿಲ್ಲ.

ಫಾಲಿಕಲ್ ಬೆಳವಣಿಗೆಯನ್ನು ಸ್ಕ್ಯಾನ್‌ನಲ್ಲಿ ನೋಡುವ ಫಾಲಿಕ್ಯುಲರ್ ಸ್ಟಡಿಗೆ ಹೋಗುತ್ತಿದ್ದರೆ ಕಿಟ್ ಬೇಕೇ? ಬೇಕಿಲ್ಲ. ಫಾಲಿಕಲ್ ಎಷ್ಟು, ಯಾವುದು 18 ಮಿಲಿಮೀಟರ್ ದಾಟಿದೆ, ಒಡೆಯಿತೇ ಎಂಬುದು ಸ್ಕ್ಯಾನ್‌ನಲ್ಲೇ ಕಾಣುತ್ತದೆ. ಸ್ಟ್ರಿಪ್‌ಗೆ ಇದೊಂದೂ ಗೊತ್ತಿಲ್ಲ. ಎಲ್‌ಎಚ್ ಏರಿಯೂ ಫಾಲಿಕಲ್ ಒಡೆಯದೆ ಉಳಿಯುವುದುಂಟು. ಫಾಲಿಕಲ್ ಹೆಚ್ಚಾದರೆ ಅವಳಿ, ತ್ರಿವಳಿ ಆಗುವ ಸಾಧ್ಯತೆಯೂ ಇದೆ, ಹಾಗಾಗಿ ಮೊದಲ ಔಷಧದ ತಿಂಗಳಾದರೂ ಸ್ಕ್ಯಾನ್ ತಪ್ಪಿಸಬೇಡಿ.

ಅಂಡಾಣು ಹೊರಬೀಳಲೆಂದು ಕೊಡುವ ಎಚ್‌ಸಿಜಿ ಇಂಜೆಕ್ಷನ್ ಹಾಕಿಸಿದ ಮೇಲಂತೂ ಸ್ಟ್ರಿಪ್ ಬದಿಗಿಡಿ. ಎಚ್‌ಸಿಜಿ ರಚನೆಯಲ್ಲಿ ಎಲ್‌ಎಚ್‌ಗೆ ಹತ್ತಿರ, ಪರೀಕ್ಷೆ ಸುಳ್ಳೇ ಪಾಸಿಟಿವ್ ಬರಬಹುದು. ಅಂಡಾಣು ಬಿಡುಗಡೆ ಇಂಜೆಕ್ಷನ್ ಆದ 36ರಿಂದ 40 ಗಂಟೆಗೆ. ರಾತ್ರಿ 9ಕ್ಕೆ ಹಾಕಿಸಿದರೆ ಮೂರನೆಯ ದಿನ ಬೆಳಿಗ್ಗೆ 9ರಿಂದ ಮಧ್ಯಾಹ್ನ 1 ಗಂಟೆ. ಅದೇ ಇಂಜೆಕ್ಷನ್ ಪ್ರೆಗ್ನೆನ್ಸಿ ಟೆಸ್ಟನ್ನೂ ಹತ್ತು ಹದಿನಾಲ್ಕು ದಿನ ಪಾಸಿಟಿವ್ ತೋರಿಸಬಲ್ಲದು. ಡಾಕ್ಟರು ಹೇಳಿದ ತಾರೀಖಿಗೆ ಮೊದಲು ಆ ಕಿಟ್ ಕೊಳ್ಳಬೇಡಿ.