ಅಂಡಾಶಯದ ಶಸ್ತ್ರಚಿಕಿತ್ಸೆಯಲ್ಲಿ ಐಸಿಜಿ ಬಣ್ಣ: ಎಷ್ಟು ನಂಬಬಹುದು?

ಇಂಡೋಸಯನೈನ್ ಗ್ರೀನ್, ಅಂದರೆ ಆಪರೇಷನ್ ಥಿಯೇಟರಿನಲ್ಲಿ ಎಲ್ಲರೂ ಐಸಿಜಿ ಎನ್ನುವ ಹಸಿರು ಬಣ್ಣ, ಹಲವು ದಶಕಗಳಿಂದ ಯಕೃತ್ತು ಮತ್ತು ಹೃದಯದ ಪರೀಕ್ಷೆಗಳಲ್ಲಿ ಬಳಕೆಯಲ್ಲಿದೆ. ಗರ್ಭಕೋಶ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸೆಂಟಿನೆಲ್ ಗ್ರಂಥಿಯನ್ನು, ಎಂದರೆ ಗಡ್ಡೆಯಿಂದ ಹೊರಟ ದುಗ್ಧರಸವು (ಲಿಂಫ್) ಮೊದಲು ತಲುಪುವ ಗ್ರಂಥಿಯನ್ನು, ಗುರುತಿಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಇದಕ್ಕೆ ಒಪ್ಪಿಗೆ ನೀಡಿತು. ಆ ಒಪ್ಪಿಗೆಯಲ್ಲಿ ಅಂಡಾಶಯ ಸೇರಿರಲಿಲ್ಲ. ಆದ್ದರಿಂದ ಆರಂಭಿಕ ಹಂತದ ಅಂಡಾಶಯದ ಕ್ಯಾನ್ಸರ್‌ನಲ್ಲಿ ಇದರ ಬೆಲೆಯನ್ನು ಬೇರೆಯಾಗಿಯೇ ಕಟ್ಟಬೇಕಾಗುತ್ತದೆ.

ಬಣ್ಣದ ಗುಣದ ಬಗ್ಗೆ ನನಗೆ ತಕರಾರಿಲ್ಲ. 25 ಮಿಲಿಗ್ರಾಂ ಪುಡಿಯನ್ನು ಕ್ರಿಮಿರಹಿತ ನೀರಿನಲ್ಲಿ ಕರಗಿಸಿ ಕೊಟ್ಟರೆ, ಅವಕೆಂಪು (ಇನ್‌ಫ್ರಾರೆಡ್) ಕ್ಯಾಮೆರಾದ ಪರದೆಯ ಮೇಲೆ ದುಗ್ಧನಾಳಗಳು ಕೆಲವೇ ನಿಮಿಷಗಳಲ್ಲಿ ಬೆಳಗುತ್ತವೆ. ಇದೇ ಕೆಲಸಕ್ಕೆ ಬಳಸುವ ವಿಕಿರಣಶೀಲ ಟೆಕ್ನೀಷಿಯಂಗೆ ಬೇಕಾದ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಸಿದ್ಧತೆ ಇದಕ್ಕೆ ಬೇಡ. ಅಯೋಡಿನ್ ಅಲರ್ಜಿಯ ಬಗ್ಗೆ ಮಾತ್ರ ಮೊದಲೇ ವಿಚಾರಿಸಿಕೊಳ್ಳಬೇಕು.

ತೊಡಕಿರುವುದು ಅಂಡಾಶಯದ ರಚನೆಯಲ್ಲಿ. ಇಲ್ಲಿಂದ ದುಗ್ಧರಸ ಒಂದೇ ದಾರಿ ಹಿಡಿಯುವುದಿಲ್ಲ: ಅಂಡಾಶಯದ ರಕ್ತನಾಳಗಳ ಜೊತೆ ಮೇಲೇರಿ ಮೂತ್ರಪಿಂಡದ ಮಟ್ಟದವರೆಗೂ ಮಹಾಪಧಮನಿಯ ಸುತ್ತಲಿನ ಗ್ರಂಥಿಗಳನ್ನು ಸೇರುವುದು ಒಂದು ದಾರಿಯಾದರೆ, ಗರ್ಭಕೋಶದ ಬದಿಯಿಂದ ಶ್ರೋಣಿಯ ಗ್ರಂಥಿಗಳಿಗೆ ಇಳಿಯುವುದು ಇನ್ನೊಂದು. ಅಂಡಾಶಯಕ್ಕೇ ಸೂಜಿ ಚುಚ್ಚಿದರೆ ಗಡ್ಡೆ ಒಡೆದು ಕ್ಯಾನ್ಸರ್ ಕೋಶಗಳು ಹೊಟ್ಟೆಯಲ್ಲಿ ಚೆಲ್ಲುವ ಭಯವಿರುವುದರಿಂದ, ಅದನ್ನು ಹಿಡಿದಿರುವ ಎರಡೂ ಲಿಗಮೆಂಟುಗಳಿಗೆ ಬಣ್ಣ ಕೊಡುವ ಕ್ರಮ ಬಂದಿದೆ. ಇದು ಜಾಣ ಉಪಾಯವೇ ಸರಿ, ಆದರೆ ಕೈ ಪಳಗಿರಬೇಕು. ಹನಿ ಸೋರಿದರೂ ಸುತ್ತಲಿನ ಜಾಗವೆಲ್ಲ ಹೊಳೆದು ಗ್ರಂಥಿ ಯಾವುದು, ಸೋರಿಕೆ ಯಾವುದು ಎಂದು ತಿಳಿಯದಂತಾಗುತ್ತದೆ. ಅವಕೆಂಪು ಬೆಳಕು ಅಂಗಾಂಶದೊಳಗೆ ಸುಮಾರು ಒಂದು ಸೆಂಟಿಮೀಟರ್‌ನಷ್ಟೇ ಇಳಿಯುವುದರಿಂದ, ಕೊಬ್ಬು ಹೆಚ್ಚಿರುವವರಲ್ಲಿ ಮಹಾಪಧಮನಿಯ ಬಳಿಯ ಗ್ರಂಥಿ ಕಣ್ತಪ್ಪಬಹುದು. ಬೇರೆಡೆ ಅಂಡಾಶಯ ತೆಗೆಸಿಕೊಂಡು ಮರುಪರೀಕ್ಷೆಯ ಶಸ್ತ್ರಚಿಕಿತ್ಸೆಗೆ ಬಂದವರಲ್ಲಿ ಉಳಿದ ತುದಿಗಳಿಗೇ ಬಣ್ಣ ಕೊಡಬೇಕಾಗುವುದರಿಂದ, ಫಲಿತಾಂಶದ ಮೇಲೆ ನನಗೆ ಅಷ್ಟು ಭರವಸೆಯಿಲ್ಲ.

ಇಷ್ಟಾದರೂ ಸೆಂಟಿನೆಲ್ ಗ್ರಂಥಿಯನ್ನಷ್ಟೇ ಪರೀಕ್ಷಿಸಿ ಉಳಿದವನ್ನು ಬಿಡಬಹುದೆಂಬ ಆಸೆ ಬಿಡುವಂತಿಲ್ಲ. ಎಲ್ಲ ಗ್ರಂಥಿಗಳನ್ನೂ ಕೀಳುವ ಶಸ್ತ್ರಚಿಕಿತ್ಸೆಯ ಬೆಲೆಯನ್ನು ಕಾಲು ಬಾವು, ದುಗ್ಧರಸ ತುಂಬಿದ ಚೀಲ, ರಕ್ತಸ್ರಾವಗಳ ರೂಪದಲ್ಲಿ ರೋಗಿಯೇ ತೆರಬೇಕಾಗುತ್ತದೆ. ಹಾಗೆಂದು ಗ್ರಂಥಿಗಳನ್ನು ನೋಡದೆ ಬಿಡುವಂತೆಯೂ ಇಲ್ಲ, ಏಕೆಂದರೆ ಒಂದು ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕರೂ ರೋಗ ಮೂರನೆಯ ಹಂತಕ್ಕೆ ಸೇರಿ, ಕೀಮೋಥೆರಪಿಯ ನಿರ್ಧಾರವೇ ಬದಲಾಗಬಹುದು. ಸದ್ಯಕ್ಕೆ ಐಸಿಜಿಯನ್ನು ಪೂರ್ಣ ಶಸ್ತ್ರಚಿಕಿತ್ಸೆಯ ಬದಲಿಗಲ್ಲ, ಅದರ ಜೊತೆಗೆ, ಅಧ್ಯಯನದ ಚೌಕಟ್ಟಿನಲ್ಲಿ ಬಳಸುವುದು ಸರಿಯೆಂದು ನನ್ನ ಅಭಿಪ್ರಾಯ. ಕ್ಯಾಮೆರಾ ಕೊಳ್ಳುವ ಆಸ್ಪತ್ರೆ, ಸೆಂಟಿನೆಲ್ ಗ್ರಂಥಿಯನ್ನು ತೆಳುವಾಗಿ ಸೀಳಿ ಸೂಕ್ಷ್ಮವಾಗಿ ಪರೀಕ್ಷಿಸಬಲ್ಲ ಪೆಥಾಲಜಿ ವಿಭಾಗ ತನ್ನಲ್ಲಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಲಿ.